ಸೋಮವಾರಕ್ಕೆ ‘ಇಂಗ್’ ಹತ್ತುವುದಿಲ್ಲ

ದೇವಕಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮೂರು ಕೊಂಕಲ್‌ನವರೆಲ್ಲ ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ. ಶಂಕ್ರಮ್ಮನ ಹೆಸರೆತ್ತಿದರೆ ಈಗಲೂ ಹೊಟ್ಟೆ ಉರಿಯುತ್ತದೆ, ಅದನ್ನು ಮುಚ್ಚಿಟ್ಟು ನಗುವವಳು ನಾನಲ್ಲ.

ಕಾಲುವೆಗೆ ನೀರು ಬಿಟ್ಟ ಮರುವರ್ಷ ಶಹಾಪುರದ ಕಾಲುವೆ ಆಫೀಸಿನಲ್ಲಿ ಟೈಪಿಸ್ಟ್ ನೌಕರಿಯೊಂದು ಖಾಲಿಯಾಯಿತು. ಒಂದೇ ಒಂದು. ಇಂಟರ್‌ವ್ಯೂದಲ್ಲಿ ಇಂಗ್ಲಿಷ್ ಮಾತಾಡಿಸುತ್ತಾರೆ ಎಂಬ ಸುದ್ದಿಯೂ ಬಂತು. ನಾನೂ ನನ್ನ ಗೆಳತಿ ಶಂಕ್ರಮ್ಮನೂ ಕೂಡಿಯೇ ಅರ್ಜಿ ಹಾಕಿದೆವು. ಯಾರಿಗೆ ಸಿಕ್ಕರೂ ಇನ್ನೊಬ್ಬಳು ಮುಖ ಗಂಟು ಹಾಕಬಾರದು ಎಂದು ಮಾತಾಗಿತ್ತು. ಅದು ಸಿಗದಿದ್ದರೆ ನನಗೆ ಅವ್ವನ ಜೊತೆ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸುವುದೇ ಗತಿ. ನಮ್ಮ ಮನೆ ಕಾಲುವೆಯ ಆಚೆ ದಂಡೆಗಿತ್ತು, ಪೋಸ್ಟ್‌ಮ್ಯಾನ್ ಅಷ್ಟು ದೂರ ಬರುತ್ತಿರಲಿಲ್ಲ. ಹಾಗಾಗಿ ಅರ್ಜಿಯಲ್ಲಿ ಶಂಕ್ರಮ್ಮನ ಮನೆಯ ವಿಳಾಸ ಬರೆದಿದ್ದೆ.

ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೇ. ಕಲಿಸಿದವಳು ನಾನು. ದಿನಾ ಸಂಜೆ ತೂಬಿನ ಕಟ್ಟೆಯ ಮೇಲೆ ನಮ್ಮ ಶಾಲೆ. ಪ್ರೆಸೆಂಟ್ ಕಂಟಿನ್ಯೂಯಸ್‌ಗೆ ನಾನೇ ಒಂದು ಉಪಾಯ ಮಾಡಿದ್ದೆ. ಈಗ ನಡೆಯುತ್ತಿರುವ ಕೆಲಸಕ್ಕೆ ನಮ್ಮ ಮಾತಿನಲ್ಲಿ ಎಲ್ಲಿ ‘ಆಕತ್ತ’ ಬರುತ್ತದೋ ಅಲ್ಲಿ ಇಂಗ್ಲಿಷಿಗೆ ‘ಇಂಗ್’ ಹಚ್ಚಬೇಕು. ನೀರು ಹರ್ಯಾಕತ್ತದ, ವಾಟರ್ ಈಸ್ ಫ್ಲೋಯಿಂಗ್. ಎಮ್ಮಿ ಕುಡ್ಯಾಕತ್ತದ, ಬಫೆಲೋ ಈಸ್ ಡ್ರಿಂಕಿಂಗ್. ಕಣ್ಣೆದುರು ನಡೆಯದ ಕೆಲಸಕ್ಕೆ ಇಂಗ್ ಹಚ್ಚಿದರೆ ಕೆಂಪು ಪೆನ್ನಿನಿಂದ ಗೀಟು ಹೊಡೆಯುತ್ತಿದ್ದೆ. ಮಾಸ್ತರಿಕೆ ನನ್ನ ತಲೆಗೇರಿತ್ತು.

ಒಂದು ಶುಕ್ರವಾರ ಸ್ವಂತ ಎರಡು ವಾಕ್ಯ ಬರೆ ಎಂದೆ. ನಾನು ಕೊಟ್ಟ ಶೇಂಗಾ ತಿನ್ನುತ್ತ, ತುಂಬಾ ಹೊತ್ತು ನೀರು ನೋಡಿ, ಆಮೇಲೆ ಬರೆದಳು: ‘ಐ ಆಮ್ ಗೋಯಿಂಗ್ ಟು ಶಹಾಪುರ್ ಆನ್ ಮಂಡೇ. ದೇವಕಮ್ಮ ಈಸ್ ನಾಟ್ ಕಮಿಂಗ್.’

ನನಗೆ ನಗು ತಡೆಯಲಾಗಲಿಲ್ಲ. ಎರಡಕ್ಕೂ ಗೀಟು ಹೊಡೆದೆ.

“ಸೋಮಾರಕ್ಕ ಇಂಗ್ ಹತ್ತೋದಿಲ್ಲ ಹುಚ್ಚಿ. ಸೋಮಾರ ಹೋಗಾಕತ್ತೇನಿ ಅಂತ ಯಾರರ ಅಂತಾರೇನು?”

ಅವಳು ನೋಟ್‌ಬುಕ್ಕನ್ನು ನನ್ನ ಕೈಗೇ ಬಿಟ್ಟು ಎದ್ದು ಹೋದಳು.

ಸೋಮವಾರ ಸಂಜೆ ಅವಳು ಕಟ್ಟೆಗೆ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಮನೆಗೆ ಹೋದೆ. ಅವಳ ತಾಯಿ ದುರಗಮ್ಮ ಅಂಗಳ ಗುಡಿಸುತ್ತಿದ್ದವಳು ನನ್ನನ್ನು ಕಂಡು ಕಸಬರಿಗೆ ನಿಲ್ಲಿಸಿದಳು.

“ನೀ ಇಂಟರ್‌ವ್ಯೂಕ್ಕ ಹೋಗಿಲ್ಲೇನವ್ವ? ನಿಂದೂ ಕಾಗದ ಬಂದಿತ್ತಲ್ಲ.”

ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂತೆ. ಕಡೆಯ ಬಸ್ಸಿಗೆ ಶಂಕ್ರಮ್ಮ ಇಳಿದಳು, ಹಬ್ಬದ ಸೀರೆ ಉಟ್ಟಿದ್ದಳು. ನನ್ನ ಕಾಗದ ಎಲ್ಲಿ ಎಂದು ಕೇಳಿದೆ. ಬಂದೇ ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ, ಎನ್ನಲಿಲ್ಲ.

“ನೀ ಬಂದಿದ್ರ ನನಗ ಸಿಗತಿದ್ದಿಲ್ಲ. ಬಾಯಿಬಿಟ್ಟು ಹೇಳಾಕ ಧೈರ್ಯ ಬರಲಿಲ್ಲ, ಬರದು ತೋರ್ಸಿದೆ. ನೀನ ತಪ್ಪು ಅಂತ ಗೀಟು ಹೊಡದಿ.”

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಕತ್ತು ಕೊಯ್ದದ್ದು ಅವಳು, ತಪ್ಪು ಮಾತ್ರ ನನ್ನ ಮೇಲೆ.

ತಿಂಗಳೊಳಗೆ ನೌಕರಿ ಅವಳಿಗಾಯಿತು. ನಾನು ಹತ್ತಿ ಬಿಡಿಸಲು ಹೋದೆ. ಆದರೂ ಆ ಎರಡು ಸಾಲು ಮನಸ್ಸಿನಿಂದ ಹೋಗಲಿಲ್ಲ. ಒಂದು ರವಿವಾರ ನೋಟ್‌ಬುಕ್ ತೆಗೆದುಕೊಂಡು ಹೈಸ್ಕೂಲಿನ ಮಾನಪ್ಪ ಮಾಸ್ತರರ ಮನೆಗೆ ಹೋಗಿ, ಇದರಲ್ಲಿ ತಪ್ಪೇನಿದೆ ಹೇಳಿರಿ ಎಂದೆ. ಅವರು ಕನ್ನಡಕ ಏರಿಸಿ ಓದಿದರು.

“ತಪ್ಪಿಲ್ಲವ್ವ. ನಾಳಿಂದು ಇದ್ದರೂ, ಮೊದಲ ಗಟ್ಟಿ ಮಾಡಿದ ಮಾತಿಗಿ ಇಂಗ್ ಹಚ್ಚತಾರ.”

ಅಂದರೆ ಶುಕ್ರವಾರವೇ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ನನ್ನ ಪಕ್ಕದಲ್ಲಿ ಕೂತು, ನನ್ನ ಶೇಂಗಾ ತಿನ್ನುವಾಗಲೇ.

ಮಾಸ್ತರರು ನನ್ನ ಗೀಟುಗಳ ಮೇಲೆ ಎರಡು ರೈಟ್ ಹಾಕಿದರು. ಬರೆದವರು ಚಲೋ ಕಲಿತಿದ್ದಾರೆ, ಇವರಿಗೆ ಕಲಿಸಿದವರು ಯಾರು ಎಂದು ಕೇಳಿದರು.

ನಾನೇ ಎಂದೆ.