ಬಿಸಿಲಣ್ಣ ನಿಂತ ಜಾಗ

ಗಿಡ್ಡ ಯಾರನ್ನೂ ಕೇಳದೆ ಕುರ್ಚಿ ಹತ್ತಿ ಟ್ಯೂಬ್‌ಲೈಟನ್ನು ಹೊರಳಿಸಿ ಕಳಚಿದ. ನಡುಮನೆ ಮಬ್ಬಾಯಿತು. ಗೋಡೆಗೊರಗಿ ಕೂತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಸತ್ತವನ ಭಾವಮೈದುನನಿಗೆ ಬೆಳಗಿನಿಂದ ಓಡಾಡಿ ತಲೆ ಕೆಟ್ಟುಹೋಗಿತ್ತು. ವ್ಯಾನಿನವನು ಬರುವ ಹೊತ್ತಿನಲ್ಲಿ ಮನೆಯನ್ನು ಕತ್ತಲೆ ಮಾಡಿ ಕೂರುವುದು ಯಾವ ಬುದ್ಧಿವಂತಿಕೆ ಎಂದು ರೇಗಿದ.

"ತಲೆ ಮೇಲಿಂದ ಲೈಟು ಬಿದ್ರೆ ಕಣ್ಣೆಲ್ಲ ಗುಂಡಿ ಆಗುತ್ತೆ," ಎಂದ ಗಿಡ್ಡ, ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತ. "ಇದು ವಿಲನ್‌ಗೆ ಹಾಕೋ ಲೈಟು. ನಮ್ಮಣ್ಣನಿಗಲ್ಲ."

ಮಂಚದ ಮೇಲೆ ಮಲಗಿದ್ದವನು ಬಿಸಿಲಣ್ಣ. ಬದುಕಿಡೀ ಸಿನಿಮಾ ಸ್ಟುಡಿಯೋದಲ್ಲಿ ಲೈಟು ಹಿಡಿದವನು. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ ಸೆಟ್ಟಿನ ಕಿಟಕಿಯಲ್ಲಿ ಬೆಳಗಿನ ಬಿಸಿಲು ತರಿಸುತ್ತಿದ್ದನೆಂದು ಆ ಹೆಸರು ಬಂದಿತ್ತು. ಹೆಂಡತಿಗೆ ಮಾತ್ರ ಆ ಹೆಸರು ಕೇಳಿದರೆ ನಗು. ಊರಿಗೆಲ್ಲ ಬಿಸಿಲು ಹಂಚುವ ಮಹಾನುಭಾವ ತನಗೆಂದು ಹುಡುಕಿ ಹುಡುಕಿ ಹಿಡಿದದ್ದು ಬಟ್ಟೆಯೂ ಒಣಗದ ಬಾಡಿಗೆ ಮನೆಯನ್ನು ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಆ ಹೆಂಡತಿ ಈಗ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಬೆಳಿಗ್ಗೆ ಆಸ್ಪತ್ರೆಯಿಂದ ತಂದು ಮಲಗಿಸಿದಾಗ ಒಮ್ಮೆ ಬಂದು ಬಗ್ಗಿ ನೋಡಿದ್ದಳು. "ಇದು ಅವರಲ್ಲ," ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬಂದಿರಲಿಲ್ಲ. ಅತ್ತಿರಲೂ ಇಲ್ಲ. ತಮ್ಮ ಕರೆದ, ಪಕ್ಕದ ಮನೆಯವರು ಕರೆದರು, ಅವಳು ಕೂತಲ್ಲಿಂದ ಕದಲಲಿಲ್ಲ.

ಮಗಳಿಗೆ ಭಯ ಹತ್ತಿದ್ದೇ ಆಗ. ಅಪ್ಪ ಹೊರಾಂಗಣ ಚಿತ್ರೀಕರಣಕ್ಕೆ ಹೋದರೆ ವಾರಗಟ್ಟಲೆ ಸುದ್ದಿ ಇರುತ್ತಿರಲಿಲ್ಲ. ಅಮ್ಮನಿಗೆ ಕಾಯುವುದು ರೂಢಿಯಾಗಿಹೋಗಿತ್ತು. ಇವತ್ತು ಮುಖ ನೋಡದೆ ಕಳಿಸಿಕೊಟ್ಟರೆ ನಾಳೆಯಿಂದ ಅವಳು ಊಟಕ್ಕೆ ತಟ್ಟೆ ಇಟ್ಟುಕೊಂಡು ಬಾಗಿಲು ಕಾಯುತ್ತಾಳೆ. ಅಪ್ಪನ ಜೊತೆ ಕೆಲಸಕ್ಕೆ ಸೇರಿ ಜೊತೆಯಲ್ಲೇ ಮುದುಕನಾದ ಗಿಡ್ಡ ಬಂದದ್ದೇ ತಡ, ಅವನ ಕೈ ಹಿಡಿದುಕೊಂಡಿದ್ದಳು.

"ಏನಾದ್ರೂ ಮಾಡು ಚಿಕ್ಕಪ್ಪ. ಅಮ್ಮ ಒಂದ್ಸಲ ಸರಿಯಾಗಿ ನೋಡ್ಲಿ."

*

ಆ ಗಂಡಹೆಂಡಿರ ಪರಿಚಯವಾದದ್ದೇ ಲೈಟಿನ ಕೆಳಗೆ. ನಾಯಕಿ ಬರುವ ಮೊದಲು ಅವಳ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಿ, ಅವರ ಮುಖ ನೋಡಿಕೊಂಡು ಬೆಳಕು ಹೊಂದಿಸಬೇಕು. ಬಿಸಿಲಣ್ಣ ತೆಳ್ಳಗೆ, ನಾಯಕಿಯರಷ್ಟೇ ಎತ್ತರ. ಹಾಗಾಗಿ ಆ ಕೆಲಸ ಯಾವಾಗಲೂ ಅವನ ತಲೆಗೇ ಬರುತ್ತಿತ್ತು. ಅವತ್ತು ಕ್ಯಾಮೆರಾದವರಿಗೆ ಬಟ್ಟೆಯ ಮೇಲೆ ಬೆಳಕು ಹೇಗೆ ಕೂರುತ್ತದೆಂದು ನೋಡಬೇಕಿತ್ತು. ಹೊಲಿಗೆಗೆಂದು ಹೊಸದಾಗಿ ಸೇರಿದ್ದ ಹುಡುಗಿ ನಾಯಕಿಯ ಶಾಲು ತಂದು ಅವನ ತಲೆಗೆ ಹೊದಿಸಿದಳು. ಹೊದಿಸುವಾಗಲೇ ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಿಳಿ ಥರ್ಮೋಕೋಲಿಗೆ ಬಡಿದು ಮೆತ್ತಗಾದ ಬೆಳಕು ಪಕ್ಕದಿಂದ ಅವನ ಮುಖಕ್ಕೆ ಬಂತು. ಹುಡುಗಿಯ ನಗು ನಿಂತಿತು.

ಕ್ಯಾಮೆರಾದವರು ತಲೆಯಾಡಿಸಿದರು.

"ಸರಿ ಹೋಯ್ತು ಅಣ್ಣ, ಈಚೆ ಬಾ," ಎಂದು ಥರ್ಮೋಕೋಲಿನ ಹಿಂದಿನಿಂದ ಗಿಡ್ಡ ಕೂಗಿದ. ಹಾಗೆ ಕೂಗುವುದು ದಿನವೂ ಅವನದೇ ಕೆಲಸ. ಬಿಸಿಲಣ್ಣ ಶಾಲನ್ನು ಹುಡುಗಿಯ ಕೈಗಿತ್ತು ಕತ್ತಲೆಗೆ ಸರಿದ. ಅವನು ಬಿಟ್ಟ ಜಾಗಕ್ಕೆ ನಾಯಕಿ ಬಂದು ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರೆ ಆ ಹುಡುಗಿ ಮಾತ್ರ ಕತ್ತಲೆಯ ಕಡೆ ನೋಡುತ್ತಿದ್ದಳು.

ಲೈಟು ನೋಡಿ ಮೋಸಹೋದೆ ಎಂದು ಮದುವೆಯಾದ ಮೇಲೆ ಗಂಡನನ್ನು ಛೇಡಿಸುವುದು ಅವಳಿಗೆ ಅಭ್ಯಾಸವಾಯಿತು. ಆ ಮುಖವನ್ನು ಇನ್ನೊಂದು ಸಲ ತೋರಿಸಿ ನೋಡೋಣ ಎನ್ನುತ್ತಿದ್ದಳು. ಅದು ಸ್ಟುಡಿಯೋದವರ ಲೈಟು, ಮನೆಗೆ ತರುವಂತಿಲ್ಲ ಎಂದು ಅವನು ನಗುತ್ತಿದ್ದ.

*

ಬಿಸಿಲೆಂದರೆ ಆ ಮನೆಯ ಹೊರಗಿನ ಮೆಟ್ಟಿಲ ಮೇಲೆ ಬಿದ್ದಷ್ಟೇ. ಗಿಡ್ಡ ಅದನ್ನು ಕಣ್ಣು ಕಿರಿದು ಮಾಡಿ ನೋಡಿದ. ಥರ್ಮೋಕೋಲ್ ಇದೆಯೇ ಎಂದು ಕೇಳಿದ. ಮೊಮ್ಮಗಳು ಶಾಲೆಗೆಂದು ಮಾಡಿದ್ದ ಸೌರಮಂಡಲ ಬೀರುವಿನ ಮೇಲಿತ್ತು. ಒಂದು ಬದಿಯಲ್ಲಿ ಹಳದಿ ಸೂರ್ಯ, ಸುತ್ತ ಅರ್ಧ ಉದುರಿದ ಗ್ರಹಗಳು. ಇನ್ನೊಂದು ಬದಿ ಬೆಳ್ಳಗೇ ಇತ್ತು. ಗಿಡ್ಡ ಧೂಳು ಒರೆಸಿ, ಮಂಚವನ್ನು ಬಾಗಿಲ ಕಡೆ ತಿರುಗಿಸಿಕೊಂಡು, ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬಿಸಿಲನ್ನು ಒಳಗೆ ತಿರುಗಿಸಿದ. ಬೆಳಕು ಮೊದಲು ಗೋಡೆಗೆ ಹೋಯಿತು, ಭಾವಮೈದುನನ ಕಣ್ಣಿಗೆ ಹೊಡೆಯಿತು, ಆಮೇಲೆ ಮೆಲ್ಲಗೆ ಇಳಿದು ಮಂಚಕ್ಕೆ ಬಂತು.

ಮಗಳು ಅಡುಗೆಮನೆಗೆ ಹೋಗಿ, "ಅಮ್ಮ, ಲೈಟು ರೆಡಿಯಾಗಿದೆ," ಎಂದಳು.

ಅದಕ್ಕೆ ಅವಳು ಎದ್ದು ಬಂದಳು. ಮಂಚದ ಪಕ್ಕ ನಿಂತು ತುಂಬ ಹೊತ್ತು ನೋಡಿದಳು. ಕೆನ್ನೆಯ ಮೇಲೆ ಕೈಯಿಟ್ಟಳು.

"ಇಷ್ಟು ದಿನ ಎಲ್ಲಿಟ್ಟಿದ್ರಿ ಈ ಮುಖಾನ," ಎಂದು ಕೇಳಿದಳು, ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟಳು.

ಗಿಡ್ಡನ ಕಣ್ಣು ಮಾತ್ರ ಮಂಚದ ಮೇಲೇ ನೆಟ್ಟಿತ್ತು. ಹಣೆ, ಮೂಗು, ತುಟಿ, ಎಲ್ಲ ಕಡೆ ಬೆಳಕು ಹದವಾಗಿ ಕೂತಿತ್ತು. ನಾಲಿಗೆ ತಾನಾಗಿಯೇ ಆಡಿಬಿಟ್ಟಿತು.

"ಸರಿ ಹೋಯ್ತು ಅಣ್ಣ, ಈಚೆ ಬಾ."

ಕೂತಿದ್ದವರೆಲ್ಲ ಅವನತ್ತ ತಿರುಗಿದರು. ಗಿಡ್ಡನಿಗೆ ಭೂಮಿಗಿಳಿದು ಹೋಗುವಂತಾಯಿತು. ಥರ್ಮೋಕೋಲ್ ನಡುಗಿತು, ಮಂಚದ ಮೇಲಿನ ಬೆಳಕೂ ನಡುಗಿತು.

"ಕರೀಬೇಡಪ್ಪ," ಎಂದಳು ಹೆಂಡತಿ, ತಲೆ ತಿರುಗಿಸದೆ. "ಇವತ್ತು ಅಲ್ಲೇ ಇರ್ಲಿ. ಆ ಜಾಗಕ್ಕೆ ಇನ್ಯಾರೂ ಬರೋದಿಲ್ಲ."

ವ್ಯಾನು ಬಂತು. ಎತ್ತಿಕೊಂಡು ಹೊಸ್ತಿಲು ದಾಟಿದರೆ ಹೊರಗೆ ನೆತ್ತಿಯ ಮೇಲಿನ ಬಿಸಿಲು. ಕಣ್ಣುಗಳು ಮತ್ತೆ ಗುಂಡಿಬಿದ್ದವು. ಅವಳ ಹೆಜ್ಜೆ ತಡೆಯಿತು. ಗಿಡ್ಡ ಮುಂದೆ ಹೋಗಿ, ಥರ್ಮೋಕೋಲನ್ನು ಎದೆಯ ಮಟ್ಟಕ್ಕೆ ಹಿಡಿದು, ಬಿಳಿ ಬದಿಯನ್ನು ಮುಖದತ್ತ ತಿರುಗಿಸಿ, ಹಿಂದಹಿಂದಕ್ಕೆ ನಡೆಯತೊಡಗಿದ. ಭಾವಮೈದುನ ಓಡಿಬಂದು ಅವನ ಸೊಂಟ ಹಿಡಿದುಕೊಂಡು, ಮೆಟ್ಟಿಲು ಬಂತು, ಚರಂಡಿ ಬಂತು ಎಂದು ಕಿವಿಯಲ್ಲಿ ಹೇಳುತ್ತ ಹೋದ. ಬೀದಿಯವರಿಗೆ ಕಂಡದ್ದು ಹಳದಿ ಸೂರ್ಯ ಮತ್ತು ಉದುರುತ್ತಿದ್ದ ಗ್ರಹಗಳಷ್ಟೇ. ಅವಳು ವ್ಯಾನಿನ ತನಕವೂ ಗಂಡನ ಮುಖ ನೋಡುತ್ತಲೇ ನಡೆದಳು.