ಮೂರು ಸಾಲು ಹೊಲಿಗೆ

ಬೀದಿಯ ಕೊನೆಯ ಸಣ್ಣ ಆಸ್ಪತ್ರೆಗೆ ಜನರನ್ನು ಕಳಿಸುತ್ತಿದ್ದವನು ಡಾಕ್ಟರಲ್ಲ, ಟೈಲರ್. ಅಲ್ಲಿ ನರ್ಸ್ ಆಗಿದ್ದ ನಾದಿನಿ ಒಂದು ದಿನ ಅಂಗಡಿಗೆ ಬಂದು, "ಭಾವ, ನಾನಲ್ಲಿ ನೊಣ ಹೊಡೀತಾ ಕೂತಿರ್ತೀನಿ. ನಿಮ್ಮ ಅಳತೆ ಪುಸ್ತಕದಲ್ಲಿ ಬೀದಿಯವರ ಸೊಂಟವೆಲ್ಲ ಇದೆ. ಕಾರಣವಿಲ್ಲದೆ ಇಳಿದವರನ್ನ ನನ್ನ ಹತ್ರ ಕಳಿಸಿ," ಎಂದಿದ್ದಳು.

ಅಷ್ಟು ಸಾಕಾಯಿತು. ಮೊದಲೇ ಹೊಗಳಿಕೆಗೆ ಉಬ್ಬುವ ಆಸಾಮಿ. ಕೊರಳಿನ ಟೇಪು ಅಂದಿನಿಂದ ಸ್ಟೆತಾಸ್ಕೋಪಾಯಿತು. "ಎರಡಿಂಚು ಇಳಿದಿದ್ದೀರಿ. ಮೊದಲು ಆಸ್ಪತ್ರೆ, ಆಮೇಲೆ ಪ್ಯಾಂಟು," ಎಂದು ಚೀಟಿ ಬರೆದು ಕೈಗಿಡುತ್ತಿದ್ದ. ಬೀಗ ರಿಪೇರಿಯವನು ಕೊಸರಾಡಿದ. ಅವನು ಹೋಗಿಬರುವ ತನಕ ಟೈಲರ್ ಕತ್ತರಿ ಮುಟ್ಟಲಿಲ್ಲ. ಬೀಗದವನಿಗೆ ಥೈರಾಯ್ಡ್ ಇದೆಯೆಂದು ಗೊತ್ತಾದ ಮೇಲಂತೂ ಟೈಲರನನ್ನು ಹಿಡಿಯುವವರೇ ಇರಲಿಲ್ಲ.

ಪುಸ್ತಕದಲ್ಲಿ ಒಬ್ಬನ ಅಳತೆ ಮಾತ್ರ ಇರಲಿಲ್ಲ, ಟೈಲರನದೇ. ಮಧ್ಯಾಹ್ನದೊಳಗೆ ಒಂದು ಹೂಜಿ ನೀರು ಖಾಲಿ ಮಾಡುತ್ತಿದ್ದ. ಪ್ಯಾಂಟು ಜಾರಿದರೆ, "ಈಗಿನ ಬಟ್ಟೆ ಹಿಗ್ಗುತ್ತೆ," ಎಂದು ಬಟ್ಟೆಯ ಮೇಲೆ ತಪ್ಪು ಹೊರಿಸಿ, ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದ. ನಿಜವಾಗಿ ಅವನಿಗೆ ಭಯ. ಅವನಪ್ಪನೂ ಹೀಗೇ ಇಳಿದು ಇಳಿದು ಹೋಗಿಬಿಟ್ಟಿದ್ದ.

ಹೇಳಿ ಹೇಳಿ ಸೋತ ಹೆಂಡತಿ ಒಂದು ಬೆಳಿಗ್ಗೆ, ಒಳಮಗ್ಗುಲು ತಿರುವಿದ ಪ್ಯಾಂಟೊಂದನ್ನು ಮೆಷಿನ್ ಪಕ್ಕ ಇಟ್ಟಳು. "ಇದನ್ನ ಇನ್ನೂ ಬಿಗಿ ಮಾಡಬೇಕಂತೆ ರೀ. ಆಗಲೇ ಮೂರು ಸಲ ಆಗಿದೆ."

"ಮೂರು ಸಲವಾ!" ಟೈಲರ್ ಅತ್ತ ನೋಡದೆಯೇ ಚೀಟಿ ಬರೆಯತೊಡಗಿದ. "ಬುದ್ಧಿ ಗಿದ್ಧಿ ಇದೆಯಾ ಅವನಿಗೆ? ಹೇಳೋಕೆ ಮನೇಲಿ ಹೆಂಡತಿ ಇಲ್ವಾ?" ಸಹಿಯನ್ನೂ ಹಾಕಿದ. "ಯಾರು ಅವನು?"

ಅವಳು ಪ್ಯಾಂಟನ್ನು ಅವನ ಮುಂದಕ್ಕೆ ಸರಿಸಿದಳು. ಅವನು ಪ್ಯಾಂಟಿನತ್ತ ತಿರುಗಿದ. ಕಪ್ಪು ಬಟ್ಟೆಯ ಮೇಲೆ ನೀಲಿ ದಾರದ ಮೂರು ಸಾಲು. ಗಿರಾಕಿಗಳ ಬಟ್ಟೆಗೆ ಅವನೆಂದೂ ಹಾಗೆ ಹೊಲಿದವನಲ್ಲ. ಸ್ವಂತದ್ದಕ್ಕಾದರೆ ಮೆಷಿನ್ನಿನಲ್ಲಿದ್ದ ದಾರವೇ ಸಾಕಾಗಿತ್ತು.

"ಹೆಂಡತಿ ಇದ್ದಾಳೆ," ಎಂದಳು. ಚೀಟಿಯನ್ನು ಅವನ ಕೈಗೇ ಇಟ್ಟಳು.

ಆಸ್ಪತ್ರೆಯಲ್ಲಿ ನಾದಿನಿ ಚೀಟಿ ಓದಿ, ಅವನ ಹಿಂದೆ ಇಣುಕಿದಳು. "ಕಳಿಸಿದವರು ಬಂದಿದ್ದೀರಿ ಭಾವ. ರೋಗಿ ಎಲ್ಲಿ?"

ಅವನು ಒಂದು ಕೈಯಲ್ಲಿ ಜಾರುತ್ತಿದ್ದ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯ ಬೆರಳು ಚಾಚಿದ. ದಿನವೆಲ್ಲ ಸೂಜಿಯ ಜೊತೆ ಬಾಳುವ ಮನುಷ್ಯ ಅವಳ ಸೂಜಿ ಕಂಡು ಕಣ್ಣು ಮುಚ್ಚಿಕೊಂಡ. ಸಕ್ಕರೆ ಮಿತಿಮೀರಿತ್ತು.

"ಇನ್ನೂ ತಡ ಮಾಡಿದ್ರೆ ಕಷ್ಟವಾಗ್ತಿತ್ತು," ಎಂದಳು ನಾದಿನಿ, ಈ ಸಲ ನಗದೆ. "ಈಗ ಮಾತ್ರೆಗೆ ಬಗ್ಗುತ್ತೆ."

ಮೂರು ತಿಂಗಳಾದ ಮೇಲೆ ಪ್ಯಾಂಟಿನ ಒಂದು ಸಾಲು ಬಿಚ್ಚಬೇಕಾಗಿ ಬಂತು. ಅವನು ಕತ್ತರಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ಪ್ಯಾಂಟು ಕಸಿದುಕೊಂಡು, ಆ ನೀಲಿ ದಾರವನ್ನು ತಾನೇ ಎಳೆ ಎಳೆಯಾಗಿ ಬಿಚ್ಚಿದಳು. ಆಮೇಲೆ ಟೇಪು ತಂದು ಅವನನ್ನು ನಿಲ್ಲಿಸಿ, ಅಳತೆ ಪುಸ್ತಕದಲ್ಲಿ ಅವನ ಸೊಂಟವನ್ನೂ ಬರೆದಿಟ್ಟಳು.