ಬಾವನ ದನಿ ಇದ್ದ ಫೋಲ್ಡರ್

ಪ್ರೋಗ್ರಾಮಿನ ಹಳೆಯ ಪ್ರತಿಗಳನ್ನೆಲ್ಲ ಕಾದಿಡುವ ಗಿಟ್‌ಗೆ ಒಮ್ಮೆ ಒಪ್ಪಿಸಿದ್ದು ಎಂದೂ ಕಳೆಯುವುದಿಲ್ಲ ಎಂದು ನಮ್ಮ ಆಫೀಸಿನವರಿಗೆಲ್ಲ ಧೈರ್ಯ ಹೇಳುತ್ತಿದ್ದವಳು ನನ್ನಕ್ಕ. ಯಾರಾದರೂ ಬರೆದ ಪ್ರೋಗ್ರಾಂ ಕೆಡಿಸಿಕೊಂಡು ತಲೆ ಮೇಲೆ ಕೈ ಹೊತ್ತು ಕೂತರೆ ಸಾಕು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಕಪ್ಪು ಪರದೆಯಲ್ಲಿ ಎರಡು ಸಾಲು ಟೈಪ್ ಮಾಡಿ, ಹಳೆಯ ಪ್ರತಿಯನ್ನು ಇದ್ದ ಹಾಗೇ ತಂದಿಡುತ್ತಿದ್ದಳು. ಮೌಸ್ ಹಿಡಿಯುವವರನ್ನು ಕಂಡರೆ ಅವಳಿಗೆ ಆಗದು. ಸ್ವಲ್ಪ ಕೊಬ್ಬೂ ಇತ್ತು, ಸುಳ್ಳೇಕೆ ಹೇಳಲಿ.

ಬಾವ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅಕ್ಕ ಅಳುತ್ತಾ ಕೂರಲಿಲ್ಲ. ಆಪರೇಷನ್ನಿಗೆ ಮುಂಚೆ ದಿನವೂ ಅವರನ್ನು ಎದುರಿಗೆ ಕೂರಿಸಿಕೊಂಡು, ಪುಟಗಟ್ಟಲೆ ಓದಿಸಿ, ಮಾತಾಡಿಸಿ, ದನಿಯನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡಳು. ಆಮೇಲೆ ಅವರು ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ಹೇಳುವ ಪ್ರೋಗ್ರಾಂ ಬರೆಯುವುದು ಅವಳ ಹಟ.

ಆ ಪ್ರೋಗ್ರಾಮಿನ ಒಂದೊಂದು ಸಾಲೂ ಗಿಟ್‌ನಲ್ಲಿತ್ತು, ಆಫೀಸಿನ ಸರ್ವರಿನಲ್ಲೂ ಇತ್ತು. ದನಿಯ ಫೋಲ್ಡರ್ ಮಾತ್ರ ಇರಲಿಲ್ಲ. ನಾಲ್ಕು ಜನ ಕೇಳಿದರೆ ನಾಚಿಕೆ ಎಂದು ಬಾವ ಮುದುಡಿಕೊಂಡಿದ್ದರು. ಪಾಪ, ನಡುನಡುವೆ ಹಾಡಿಯೂ ಇದ್ದರಲ್ಲ. ಅದಕ್ಕೇ ಅಕ್ಕ ಈ ಫೋಲ್ಡರನ್ನು ಮುಟ್ಟಬೇಡ, ಎಲ್ಲಿಗೂ ಕಳಿಸಬೇಡ ಎಂದು ಗಿಟ್‌ಗೆ ಹೇಳಿಟ್ಟಿದ್ದಳು. ಗಿಟ್ ಹೇಳಿದ ಮಾತು ಕೇಳಿತು.

ಆಪರೇಷನ್ ಆಯಿತು. ಬಾವನಿಗೆ ಪೂರ್ತಿ ಎಚ್ಚರ ಬರುವಷ್ಟರಲ್ಲಿ ಪ್ರೋಗ್ರಾಂ ಸಿದ್ಧವಾಗಬೇಕೆಂದು ಅಕ್ಕ ಆಫೀಸಿಗೆ ಓಡಿ ಬಂದಳು. ಹಾಳಾದ್ದು, ಏನೋ ಹಳೆಯ ಕಸ ಅಡ್ಡ ಬಂದು ಅದು ಓಡಲೇ ಒಲ್ಲದು. ಅಂಥ ಹೊತ್ತಿಗೆ ಅವಳದೊಂದು ರೂಢಿ ಇತ್ತು. ಗಿಟ್‌ಗೆ ಒಪ್ಪಿಸಿದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಗುಡಿಸಿ ಹಾಕಿ, ಹೊಸದಾಗಿ ಶುರು ಮಾಡುವುದು. ಕ್ಲೀನ್ ಎಂದು ಹೊಡೆದು, ಮುಂದೆ ಎಫ್, ಡಿ, ಎಕ್ಸ್ ಎಂದು ಹಾಕಿ ಎಂಟರ್ ಒತ್ತಿದಳು. ಆ ಎಕ್ಸ್ ಇದ್ದರೆ, ಮುಟ್ಟಬೇಡ ಎಂದಿದ್ದನ್ನೂ ಗಿಟ್ ಗುಡಿಸುತ್ತದೆ. ಏನೇನು ಅಳಿಸುತ್ತೀ, ಮೊದಲು ತೋರಿಸು ಎನ್ನಲು ಒಂದು ಎನ್ ಸಾಕಿತ್ತು. ಹೊಸಬರಿಗೆಲ್ಲ ಆ ಎನ್ ಕಲಿಸಿದವಳೂ ಇವಳೇ.

ಪರದೆಯ ಮೇಲೆ ಅಳಿಸಿದ ಫೈಲುಗಳ ಹೆಸರುಗಳು ಸರಸರ ಏರಿ ಹೋದವು, ದನಿಯ ಫೋಲ್ಡರಿನದೂ. ನಾನು ಪಕ್ಕದಲ್ಲೇ ಕೂತಿದ್ದೆ. ಅಕ್ಕ ಬೆರಳುಗಳನ್ನು ಕೀಲಿಮಣೆಯ ಮೇಲಿಂದ ಎತ್ತಲೇ ಇಲ್ಲ.

ಡಿಸ್ಕ್ ರಿಪೇರಿಯವನು ತಿರುಗಿಸಿ ಮುರುಗಿಸಿ ನೋಡಿ, ಈಗಿನ ಡಿಸ್ಕಿನಲ್ಲಿ ಅಳಿಸಿದ್ದು ಅಳಿಸಿದ ಹಾಗೇ ಎಂದ. ಫೋನುಗಳನ್ನೆಲ್ಲ ಜಾಲಾಡಿದೆವು. ಮದುವೆಯ ವಿಡಿಯೋದಲ್ಲಿ ಬಾವ ಬರೀ ನಗುತ್ತಾರೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಮ್ಮ ಮ್ಯಾನೇಜರ್ ಸಮಾಧಾನ ಹೇಳಲು ಬಂದರು. ಕಪಾಳಕ್ಕೆ ಬಿಡಬೇಕೆನಿಸಿತು ನನಗೆ.

ವಾರ್ಡಿನಲ್ಲಿ ಬಾವ ದಿಂಬಿಗೆ ಒರಗಿ ಕೂತಿದ್ದರು. ಕೊರಳಲ್ಲಿ ಉಸಿರಾಟಕ್ಕೆಂದು ಮಾಡಿದ ತೂತು, ಅದರ ಸುತ್ತ ಬಿಳಿ ಬಟ್ಟೆ. ಲ್ಯಾಪ್‌ಟಾಪ್ ಕಂಡದ್ದೇ ಅವರ ಕಣ್ಣು ಅರಳಿತು. ಎಲ್ಲಿ, ಮಾತಾಡಿಸು ಎಂದು ಕೈಸನ್ನೆ ಮಾಡಿದರು.

"ಅಳಿಸಿಬಿಟ್ಟೆ ರೀ," ಎಂದಳು ಅಕ್ಕ. "ನಾನೇ. ಎಲ್ಲಾನೂ."

ಬಾವ ಸನ್ನೆ ಮಾಡುತ್ತಿದ್ದ ಕೈ ಇಳಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯುವುದಾದರೂ ಹೇಗೆ? ಅವಳ ಕೈ ಹಿಡಿಯಲು ಹೋದರು. ಅವಳು ಕೊಸರಿಕೊಂಡು ಕಿಟಕಿಯ ಹತ್ತಿರ ಹೋಗಿ, ಸರಳು ಹಿಡಿದು, ನಮಗೆ ಬೆನ್ನು ಮಾಡಿ ನಿಂತಳು.

"ಬೆಳಿಗ್ಗೆಯಿಂದ ನೆನಪು ಮಾಡ್ಕೋತಿದೀನಿ ಕಣೇ," ಎಂದಳು ನನಗೆ. "ಇವ್ರು ನನ್ನ ಹೇಗೆ ಕರೀತಿದ್ರು ಅಂತ. ಮಾತು ಬರುತ್ತೆ, ದನಿ ಬರ್ತಿಲ್ಲ."

ನಾನು ಬಾವನ ಕಡೆ ತಿರುಗಿದೆ. ಅವರು ಮುಂದಕ್ಕೆ ಬಾಗಿ, ಕತ್ತಿನ ನರ ಉಬ್ಬಿಸಿ, ತುಟಿ ಅಗಲಿಸಿ ಅವಳನ್ನು ಕರೆಯುತ್ತಿದ್ದರು. ಇವಳೇ, ಇವಳೇ, ಇವಳೇ. ಕೊರಳ ತೂತಿನಿಂದ ಬರೀ ಗಾಳಿ ಬರುತ್ತಿತ್ತು. ಅಕ್ಕ ತಿರುಗಿ ನೋಡಲಿಲ್ಲ.